ನಿನ್ನ ತೂಕಕ್ಕೆ ನಲವತ್ತು ಕೂಡಿಸು

ಕಾಕಾ ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವ ಕಾಲದಲ್ಲೋ ತಾಡಪತ್ರಿ ಹೊಲಿಯುವ ದಬ್ಬಳ ಸರಕ್ಕನೆ ನುಗ್ಗಿ ಮಾಡಿದ ಸೀಳು. ಉಗುರು ಬೆಳೆದಂತೆಲ್ಲ ಅದೂ ಜೊತೆಗೇ ಬೆಳೆಯುತ್ತ ಬಂದಿತ್ತು. ಅವರು ಅದನ್ನು ಗಾಯವೆಂದು ತಿಳಿಯದೆ ಹತ್ಯಾರವೆಂದು ತಿಳಿದಿದ್ದರು. ಮೇಣ ಸವರಿದ ದಾರವನ್ನು ಆ ಸೀಳಿನಲ್ಲಿ ಸಿಗಿಸಿ ಎಳೆದರೆ ಹೆಚ್ಚಿನ ಮೇಣ ಉದುರಿಬೀಳುತ್ತಿತ್ತು. ನೀರಿನ ದಂಡೆಗೆ ಹೋದಾಗ ಅದೇ ಹೆಬ್ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಎತ್ತಿ ಹಿಡಿಯುತ್ತಿದ್ದರು. ಸೀಳಿಗೆ ತಣ್ಣಗೆ ತಾಗಿದ ಕಡೆಯಿಂದ ಗಾಳಿ ಬರುತ್ತಿದೆ ಎಂದು ಲೆಕ್ಕ.

ನಾನು ಅವರ ನಕಲು ಮಾಡುವಾಗ ಆ ಹೆಬ್ಬೆರಳಿನಿಂದಲೇ ಶುರು ಮಾಡುತ್ತಿದ್ದೆ. ಮೊದಲು ಹೆಬ್ಬೆರಳು, ಆಮೇಲೆ ಎರಡು ಸಲ ಒಣ ಕೆಮ್ಮು, ಆಮೇಲೆ ಮೂಗಿನಿಂದ ಬರುವ ಆ ದನಿ. ನಕಲು ನನ್ನ ಚಟ. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಉಪ್ಪು ಕೇಳುವ ನಮ್ಮಪ್ಪ, ಬಸ್ಸಿನ ಕಂಡಕ್ಟರ್, ಗೋದಾಮಿನ ಮಾಲೀಕರು, ಯಾರನ್ನೂ ಬಿಟ್ಟವನಲ್ಲ. ಬಾತುಕೋಳಿಯಂತೆ ನಡೆಯುವ ನನ್ನನ್ನೂ ಬಿಟ್ಟಿಲ್ಲ. ಕಾಕಾ ಅದಕ್ಕೇ ನನ್ನನ್ನು ಬಹುರೂಪಿ ಅನ್ನುತ್ತಿದ್ದರು.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಇಚಲಕರಂಜಿಯ ಶಹಾಪುರದಲ್ಲಿ ನಾನು ಕೆಲಸ ಮಾಡುವ ನೂಲಿನ ಗೋದಾಮಿಗೆ ಹತ್ತಿದಂತೆ ಅವರ ಅಂಗಡಿ. ಲಾರಿಗಳಿಗೆ, ಹೊಲದ ರಾಶಿಗಳಿಗೆ, ಸೋರುವ ಮಗ್ಗದ ಶೆಡ್ಡುಗಳಿಗೆ ತಾಡಪತ್ರಿ ಹೊಲಿದು ಕೊಡುವುದು ಅವರ ಕಸುಬು. ನೂಲಿನ ಗಂಟುಗಳನ್ನು ಕಾಟಾದ ಮೇಲಿಟ್ಟು ತೂಗುವುದು ನನ್ನ ಕಸುಬು. ಊರಿಗೆ ಸಮುದ್ರವಿಲ್ಲ. ಆದರೂ ಕಾಕಾ ಅವರ ಅಂಗಡಿಯ ಮಾಡಿಗೆ ಒಂದು ಉದ್ದನೆಯ ಹಳದಿ ಹಲಗೆ ತೂಗುಬಿದ್ದಿರುತ್ತಿತ್ತು. ಹಾಯಿ ಕಟ್ಟಿಕೊಂಡು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಹಲಗೆ.

ಅದು ಬಂದ ಕಥೆಯನ್ನು ಅವರು ಹೇಳುತ್ತಿದ್ದುದು ಹೀಗೆ. ಸಮುದ್ರ ದಂಡೆಯ ಮಾಲವಣದಲ್ಲಿ ನೀರಿನ ಆಟಗಳನ್ನು ನಡೆಸುವ ಒಬ್ಬಾತ ಹರಿದ ಹಾಯಿ ಹೊತ್ತುಕೊಂಡು ಇಚಲಕರಂಜಿಗೆ ಬಂದಿದ್ದ. ಬಟ್ಟೆಯ ಊರಿನಲ್ಲಿ ಯಾರಾದರೂ ಹೊಲಿದಾರು ಎಂಬ ಆಸೆ. ಎಲ್ಲರೂ ಆಗದೆಂದು ಕೈಯಾಡಿಸಿದರು, ಕಾಕಾ ಹೊಲಿದರು. “ಹೊಲಿಗಿ ತಡೀತೈತೋ ಇಲ್ಲೋ ನೋಡಾಕ ನಾನೂ ಮಾಲವಣಕ್ಕ ಹೋದೆ. ಹೊಲಿಗಿ ತಡೀತು. ನಾ ತಡೀಲಿಲ್ಲ, ನೀರಾಗ ಬಿದ್ದೆ.” ಬಿದ್ದವರು ಎದ್ದು ಮತ್ತೆ ಹತ್ತಿದರು. ವರ್ಷಗಟ್ಟಲೆ ಹಾಯಿ ಹೊಲಿದು ಕೊಟ್ಟದ್ದಕ್ಕೆ ಆ ಮಾಲವಣದ ಗೆಳೆಯ ತನ್ನ ಹಳೆಯ ಹಳದಿ ಹಲಗೆಯನ್ನು ಅವರಿಗೇ ಕೊಟ್ಟುಬಿಟ್ಟ. ಅಂದಿನಿಂದ ಮಳೆಗಾಲದ ಪ್ರತಿ ರವಿವಾರ ಟೆಂಪೋದ ಮೇಲೆ ಹಲಗೆ, ಒಳಗೆ ಕಾಕಾ, ಗಡಹಿಂಗ್ಲಜದ ಆಚೆಗಿನ ಆಣೆಕಟ್ಟಿನ ಹಿನ್ನೀರಿಗೆ ಪಯಣ. ಕಲಿಯುವ ಹುಚ್ಚಿನ ನಮ್ಮಂಥ ನಾಲ್ಕು ಜನ ಹಿಂದೆ.

ಒಂದು ವರ್ಷ ಅವರು ಮಾಲವಣದಿಂದ ಬಂದವರು ಎರಡು ದಿನ ದಬ್ಬಳವನ್ನೇ ಮುಟ್ಟಲಿಲ್ಲ. ಮೂರನೇ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು. ಅಲ್ಲೊಬ್ಬನ ಹಲಗೆ ನೀರು ಬಿಟ್ಟು ಮೇಲೆದ್ದಿತ್ತಂತೆ. ಹಲಗೆಯ ಹೊಟ್ಟೆಯಿಂದ ಕೆಳಗಿಳಿದ ಒಂದು ಕಂಬ, ಕಂಬದ ತುದಿಯಲ್ಲಿ ಪುಟ್ಟ ವಿಮಾನದಂಥ ರೆಕ್ಕೆ; ಅದಕ್ಕೆ ಫಾಯಿಲ್ ಅಂತಾರೆ. ವೇಗ ಬಂದರೆ ರೆಕ್ಕೆ ನೀರಿನೊಳಗೇ ಹಾರುತ್ತದೆ, ಹಲಗೆ ಮೊಳದೆತ್ತರ ಗಾಳಿಯಲ್ಲಿ.

“ಒಂದ ಸಲ, ಲೇ ಬಹುರೂಪಿ,” ಅಂದರು. “ಒಂದ ಸಲ ನೀರ ಬಿಟ್ಟು ಏಳಬೇಕು. ಆಮ್ಯಾಲ ತಾಡಪತ್ರಿ ಹೊಚಗೊಂಡು ಮಲಗಾಂವ.”

ಅರವತ್ತು ದಾಟಿತ್ತು. ನೆಲದ ಮೇಲೆ ಕೂತು ಹೊಲಿದೂ ಹೊಲಿದೂ ಬಲಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ. ನಾನು ಅದೇ ಸಂಜೆ ಚಹಾದಂಗಡಿಯಲ್ಲಿ ಹೆಬ್ಬೆರಳು ಎತ್ತಿ, ಕೆಮ್ಮಿ, “ಒಂದ ಸಲ, ಲೇ” ಅಂದು ಎಲ್ಲರನ್ನೂ ನಗಿಸಿದೆ.

ಫಾಯಿಲ್ ಕಲಿಯಲು ಯಾವ ಹಲಗೆ ಎಂಬುದನ್ನು ಕಾಕಾ ತಮ್ಮ ಕಸುಬಿನ ಕ್ರಮದಲ್ಲೇ ಗೊತ್ತು ಮಾಡಿದರು. ಅಳತೆ ತೆಗೆಯದೆ ಕತ್ತರಿ ಹಾಕಿದವರಲ್ಲ. ಮೊದಲು ತೂಕ. ಅದೂ ಒಣ ತೂಕವಲ್ಲ. ತಲೆ ಮೇಲೆ ಒಂದು ಬಕೀಟು ನೀರು ಸುರಿದು, ತೇಲುವ ಅಂಗಿ ತೊಡಿಸಿ, ತೊಟ್ಟಿಕ್ಕುತ್ತಿದ್ದವರನ್ನು ನಮ್ಮ ಗೋದಾಮಿನ ಕಾಟಾದ ಮೇಲೆ ಹತ್ತಿಸುತ್ತಿದ್ದರು.

“ಒಂದ ಲೀಟರ್ ಹಲಗಿ ಒಂದ ಕಿಲೋ ಹೊರತೈತಿ. ನಿನ್ನ ತೂಕದಷ್ಟ ಲೀಟರ್ ಇದ್ರ ಹಲಗಿ ನಿನ್ನ ಕೂಡ ಮುಳಗತೈತಿ. ಹಾಯಿ, ಕಂಬ, ರೆಕ್ಕಿ ಯಾರ ಹೊರಬೇಕು? ನಿನ್ನ ಅಂಜಿಕಿ ಯಾರ ಹೊರಬೇಕು? ನಿನ್ನ ತೂಕಕ್ಕ ನಲವತ್ತ ಕೂಡಸು.”

“ಅಂಜಿಕಿ ಎಷ್ಟ ಕಿಲೋ ಇರತೈತ್ರಿ ಕಾಕಾ?”

“ಭಾಳ ಮಾತಾಡಾವಂದು ಭಾಳ ಇರತೈತಿ.”

ನನ್ನ ಸರದಿ ಬಂತು. ಕಾಟಾದ ಮೇಲೆ ದಿನವಿಡೀ ಇರುವವನಿಗೆ ಕಾಟಾದ ಕಳ್ಳತನವೂ ಗೊತ್ತು. ಪಕ್ಕದ ಗಂಟುಗಳ ಮೇಲೆ ಮೊಣಕೈ ಸುಮ್ಮನೆ ಊರಿದೆ. ಮುಳ್ಳು ಎಪ್ಪತ್ತಮೂರಕ್ಕೆ ನಿಂತಿತು.

ಕಾಕಾ ಮುಳ್ಳನ್ನು ನೋಡಲಿಲ್ಲ, ಮೊಣಕೈ ನೋಡಿದರು. “ಎಂಬತ್ತೊಂದು,” ಅಂದರು. “ನಿನ್ನ ಮೊಣಕೈನ ಎಂಟ ಕಿಲೋ ಐತಿ.”

ಆಮೇಲೆ ಎರಡನೆಯ ಅಳತೆ. ತಾಡಪತ್ರಿಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಡಿಯ ನೆಲದ ಮೇಲೆ ಹಲಗೆಯ ಆಕಾರ ಬರೆದರು. ಅದರೊಳಗೆ ಕಣ್ಣುಮುಚ್ಚಿ ನಿಲ್ಲಬೇಕು. ಅವರು ಹಿಂದಿನಿಂದ ಬಂದು ಭುಜಕ್ಕೆ ಒಂದು ನೂಕು ಕೊಡುತ್ತಿದ್ದರು. ಕಾಲು ಗೆರೆ ದಾಟಿದರೆ ಹಲಗೆ ಸಾಲದು. ಅಳಿಸಿ ಇನ್ನಷ್ಟು ಅಗಲ ಬರೆಯುವುದು. ನನ್ನ ಕಾಲು ಮೂರು ಸಲ ದಾಟಿತು. ನಾಲ್ಕನೆಯ ಆಕಾರ ಬಾಗಿಲಿನಷ್ಟು ಅಗಲವಾಯಿತು. ಅದರೊಳಗೆ ಕಾಕಾ ತಾವೂ ಒಮ್ಮೆ ಇಳಿದರು. ನಿಂತು ನೋಡಲಿಲ್ಲ, ಗೋಡೆ ಹಿಡಿದು ಮೆಲ್ಲಗೆ ಮೊಣಕಾಲೂರಿ ಕೂತು ನೋಡಿದರು. ನಾನು ಅದನ್ನೂ ನಕಲು ಮಾಡಿದೆನೇ ಹೊರತು ಯಾಕೆ ಕೂತರೆಂದು ಕೇಳಲಿಲ್ಲ.

ಮಾಲವಣದ ಗೆಳೆಯನ ಬಳಿ ಬಳಸಿದ ಎರಡು ಫಾಯಿಲ್ ಹಲಗೆಗಳಿದ್ದವು. ಒಂದು ನೂರಾ ಮೂವತ್ತು ಲೀಟರಿನ ಅಗಲದ್ದು, ಇನ್ನೊಂದು ತೊಂಬತ್ತರ ಚೂಪನೆಯದು. ಅದಲುಬದಲಿನ ಮಾತಾಯಿತು: ಕಾಕಾ ತಮ್ಮ ಹಳದಿ ಹಲಗೆಯನ್ನು ಕೊಡುವುದು, ಅಗಲದ್ದನ್ನು ತರಿಸುವುದು. ಹಳದಿಯನ್ನು ಟೆಂಪೋಗೆ ಏರಿಸುವ ಮುಂಚೆ ಕಾಕಾ ಅದಕ್ಕೆ ಹೊಸ ತಾಡಪತ್ರಿಯ ಹೊದಿಕೆ ಹೊಲಿದರು. ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಗಂಟು ಬಿಗಿದು, ಮತ್ತೆ ಬಿಚ್ಚಿ, ಮತ್ತೆ ಬಿಗಿದರು.

ನನಗೆ ಚೂಪನೆಯದು ಬೇಕಿತ್ತು. ಮೊಬೈಲಿನಲ್ಲಿ ನೋಡಿದ ಹುಡುಗರೆಲ್ಲ ಅಂಥದರ ಮೇಲೇ ಹಾರುತ್ತಿದ್ದರು. ಬಾಗಿಲಿನಂಥ ಹಲಗೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡರೆ ಯಾರು ಬೆಲೆ ಕೊಡುತ್ತಾರೆ? ಮಧ್ಯಾಹ್ನ ಕಾಕಾ ಊಟಕ್ಕೆ ಮನೆಗೆ ಹೋದಾಗ ಅವರ ಫೋನು ಹೊಲಿಗೆ ಯಂತ್ರದ ಮೇಲಿತ್ತು. ಮಾಲವಣಕ್ಕೆ ಹಚ್ಚಿದೆ. ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಎರಡು ಕೆಮ್ಮು ಕೆಮ್ಮಿ, ಮೂಗಿನ ದನಿಯಲ್ಲಿ, ಕಾಕಾ ಆಡುವಂಥದೇ ಒರಟು ಮರಾಠಿಯಲ್ಲಿ, ಅಗಲದ್ದು ಬೇಡ, ಸಣ್ಣದನ್ನೇ ಕಳಿಸು ಅಂದೆ. ಆತ “ಹಾಂ ಕಾಕಾ, ಹಾಂ ಕಾಕಾ” ಅಂದ. ನನ್ನ ಜೀವಮಾನದ ಅತ್ಯುತ್ತಮ ನಕಲು ಅದು. ಚಪ್ಪಾಳೆ ತಟ್ಟುವವರು ಮಾತ್ರ ಯಾರೂ ಇರಲಿಲ್ಲ.

ನಾಲ್ಕನೇ ದಿನ ಹಲಗೆ ಬಂತು. ಕಾಕಾ ಹೊದಿಕೆ ಬಿಚ್ಚಿದರು. ಎತ್ತಿ ತಂದು ನೆಲದ ಮೇಲಿನ ಸೀಮೆಸುಣ್ಣದ ಆಕಾರದೊಳಗೆ ಇಟ್ಟರು. ಸುತ್ತಲೂ ಗೆರೆ ಹೊರಗೇ ಉಳಿಯಿತು, ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು. ದೊಡ್ಡಣ್ಣನ ಅಂಗಿ ತೊಟ್ಟ ಕೂಸಿನಂತೆ ಕಾಣುತ್ತಿತ್ತು. ಅವರು ಫೋನು ಹಚ್ಚಿ ಕೇಳಿದರು. ಆ ಕಡೆಯವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು: “ನೀವೇ ಅಲ್ವೇ ಕಾಕಾ ಫೋನು ಮಾಡಿ ಸಣ್ಣದು ಕಳಿಸು ಅಂದದ್ದು?”

ಕಾಕಾ ನನ್ನ ಕಡೆ ನೋಡಿದರು. ನಾನು ಕಾಟಾದ ಕಡೆ ನೋಡಿದೆ.

“ಹೌದು, ನಾನೇ ಹೇಳಿದ್ದೆ,” ಅಂದರು ಮರಾಠಿಯಲ್ಲಿ. “ವಯಸ್ಸಾಯಿತು, ಮರೆತಿದ್ದೆ.”

ಫೋನು ಇಟ್ಟು ಬಹಳ ಹೊತ್ತು ಹಲಗೆಯ ಸುತ್ತಲಿನ ಖಾಲಿ ಜಾಗವನ್ನೇ ನೋಡಿದರು. ಬೈಗುಳಕ್ಕೆ ನಾನು ಬೆನ್ನು ಒಡ್ಡಿ ನಿಂತಿದ್ದೆ. ಬಂದದ್ದು ದಬ್ಬಳ. ನನ್ನ ಕೈಗೆ ಕೊಟ್ಟು ಅಂದರು: “ನನ್ನ ದನಿ ತಗೊಂಡಿ, ಛಲೋ ಆತು. ನನ್ನ ತೂಕ ತಗೊಳ್ಳಾಕ ಆಗಲಿಲ್ಲ ನೋಡು. ಬಾ, ಹೊಲಿ.”

ನಾಲ್ಕು ದಿನ ಹೊಲಿದೆವು. ಗೆರೆಗೂ ಹಲಗೆಗೂ ನಡುವೆ ಎಷ್ಟು ಖಾಲಿ ಇತ್ತೋ ಅಷ್ಟೇ ಅಗಲದ ಎರಡು ಉದ್ದ ಚೀಲ, ತಾಡಪತ್ರಿಯದು. ಒಳಗೆ ಬೈಕಿನ ಟ್ಯೂಬುಗಳನ್ನು ಉದ್ದಕ್ಕೆ ಜಗ್ಗಿ ಕೂರಿಸಿ ಗಾಳಿ ತುಂಬಿದೆವು. ಪಟ್ಟಿಗಳಿಂದ ಹಲಗೆಯ ಎರಡೂ ಪಕ್ಕಕ್ಕೆ ಬಿಗಿದು ನೆಲದ ಮೇಲಿಟ್ಟಾಗ ಸೀಮೆಸುಣ್ಣದ ಗೆರೆ ಪೂರಾ ಮುಚ್ಚಿತು. ನನ್ನ ಬೆರಳುಗಳಲ್ಲಿ ಹನ್ನೊಂದು ತೂತು. ಕಾಕಾ ಅವರ ಹೆಂಡತಿ ಕಾಕು ಅರಿಶಿಣ ಹಚ್ಚುತ್ತ, “ಅವರ ಮೊಣಕಾಲಿಗೆ ಕೂಡಾಕ ಜಾಗಾ ಆಗಲಿ ಅಂತ ಅಗಲದ್ದು ಬೇಡಿದ್ರಪ್ಪ. ಯಾಕ ಮನಸ ಬದಲಿ ಮಾಡಿದ್ರೋ ಏನೋ,” ಅಂದರು. ಹನ್ನೆರಡನೆಯ ತೂತು ಅದು.

ಹಿನ್ನೀರಿನಲ್ಲಿ ನಮ್ಮ ಹಲಗೆಯನ್ನು ಕಂಡವರೆಲ್ಲ ನಕ್ಕರು. ದನ ಕಾಯುವವರೊಬ್ಬರು ದಂಡೆಯ ಮೇಲಿಂದ ಕೂಗಿದರು: “ಏನ್ರಿ ಅದು, ಬಸುರಿ ಹಲಗೀನ?” ಕಾಕಾ ಮೊದಲ ರವಿವಾರ ಚೀಲ ಬಿಚ್ಚಿಸಿ ಬರೀ ಸಣ್ಣ ಹಲಗೆಯನ್ನೇ ನನಗೆ ಕೊಟ್ಟರು. “ನಿನ್ನ ಆಸೆ ಮೊದಲ ತೀರಸ್ಕೋ.” ತೀರಿತು. ಹಲಗೆ ನೀರಿನೊಳಗೆ, ನೀರು ನನ್ನ ಮೊಣಕಾಲಿನ ತನಕ. ಹಾಯಿ ಎತ್ತುವುದರೊಳಗೆ ಬೀಳುತ್ತಿದ್ದೆ. ಕುಡಿದ ನೀರಿನಲ್ಲಿ ಒಂದು ಎಮ್ಮೆಯ ಮೈ ತೊಳೆಯಬಹುದಿತ್ತು. ಮುಂದಿನ ರವಿವಾರ ನಾನೇ ಬಾಯಿಬಿಟ್ಟು ಕೇಳಿದೆ: “ಕಾಕಾ, ಚೀಲ ಕಟ್ರಿ.”

ಮೂರನೆಯ ರವಿವಾರ ಎದ್ದೆ. ಹಲಗೆಯ ಕೆಳಗಿನ ಚಟಪಟ ಸದ್ದು ಥಟ್ಟನೆ ನಿಂತುಹೋಯಿತು. ಕರೆಂಟು ಹೋದಾಗ ಶಹಾಪುರದ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಕಿವಿಯೊಳಗೆ ಏನೋ ಬಿದ್ದುಹೋದಂತೆ ಅನಿಸುತ್ತದಲ್ಲ, ಅಂಥ ನಿಶ್ಶಬ್ದ. ಕೆಳಗೆ ನೋಡಿದರೆ ನೀರು ನನ್ನನ್ನು ಬಿಟ್ಟು ದೂರದಲ್ಲಿತ್ತು. ದಂಡೆಯ ಮೇಲೆ ಕಾಕಾ ಟೊಪ್ಪಿಗೆ ತೆಗೆದು ಬೀಸುತ್ತಿದ್ದರು. ಬಿದ್ದೆ ಬಿಡಿ, ಆದರೆ ಎದ್ದು ಬಿದ್ದೆ.

ಕಾಕಾ ಅವರ ಸರದಿ ಬಂದದ್ದು ಆ ಮಳೆಗಾಲದ ಕೊನೆಯ ರವಿವಾರ. ಹೆಬ್ಬೆರಳು ಎತ್ತಿದರು, ಗಾಳಿ ಇತ್ತು. ನಾನು ಸೊಂಟದಾಳದ ನೀರಿನಲ್ಲಿ ಹಲಗೆ ಹಿಡಿದು ನಿಂತೆ. ಅವರು ಮೊಣಕಾಲೂರಿದರು. ನನ್ನ ಚೂಪು ಹಲಗೆಯ ಮೇಲೆ ಪಾದಕ್ಕೆ ಜಾಗವಿತ್ತು, ಮೊಣಕಾಲಿಗಿರಲಿಲ್ಲ. ಕಾಲು ಚೀಲದ ಮೇಲೆ ಹೋಗುತ್ತಿತ್ತು, ಚೀಲ ಜಗ್ಗುತ್ತಿತ್ತು. ಎದ್ದು ನಿಲ್ಲಲು ಎಷ್ಟು ಸಲ ನೋಡಿದರೋ. ಕೊನೆಗೆ ಹೇಗೋ ಅರ್ಧ ನಿಂತು ಹಾಯಿ ಹಿಡಿದರು. ಹಲಗೆ ಓಡಿತು, ಮೂತಿ ತುಸು ಮೇಲೆ ಬಂತು, ಚೀಲಗಳಿಂದ ನೀರು ಸುರಿಯಿತು. ಗಾಳಿ ಸತ್ತಿತು. ಹಲಗೆ ಕೂತಿತು.

ಈಜಿ ಹತ್ತಿರ ಹೋದೆ. ಅವರು ಹಲಗೆ ಅಪ್ಪಿಕೊಂಡು ಏದುಸಿರು ಬಿಡುತ್ತ ಕೇಳಿದರು: “ಎದ್ದೆನೇನಲೇ?”

ಹೌದು ಅನ್ನಬಹುದಿತ್ತು. ನನ್ನಷ್ಟು ಸುಲಭವಾಗಿ ಸುಳ್ಳಾಡುವವರು ಇಚಲಕರಂಜಿಯಲ್ಲಿ ಹೆಚ್ಚಿಲ್ಲ. ಆ ಮುಖ ನೋಡಿ ನಾಲಿಗೆ ಹೊರಳಲಿಲ್ಲ.

“ಇಲ್ರಿ ಕಾಕಾ.”

ಅವರು ನಕ್ಕರು. ಒದ್ದೆ ಹೆಬ್ಬೆರಳಿನಿಂದ ನನ್ನ ಹಣೆಗೆ ಒಮ್ಮೆ ಮೊಟಕಿದರು. “ಇವತ್ತ ಖರೆ ತೂಕ ಹೇಳಿದಿ. ಮುಂದಿನ ಮಳಿಗಾಲಕ್ಕ ಅಗಲದ್ದ ತರಸೂಣು.”

ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಚಳಿಗಾಲದಲ್ಲಿ ಎದೆನೋವು ಬಂತು, ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ತೂಕ ನೋಡಲು ಬಂದ ನರ್ಸಮ್ಮನಿಗೆ “ಒಣ ತೂಕ ಬರಕೋಬ್ಯಾಡ್ರಿ” ಅಂದರಂತೆ. ಅದು ಅವರು ಆಡಿದ ಕೊನೆಯ ಚೇಷ್ಟೆ. ನಾನು ಎದುರಿಗೆ ಇರಲಿಲ್ಲ, ಕಾಕು ಹೇಳಿದರು. ಹೇಗೆ ಅಂದರು, ಯಾವ ದನಿಯಲ್ಲಿ ಅಂದರು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಈ ಸಲ ಮೊದಲ ಮಳೆಗೆ ಕೊರೋಚಿಯ ಒಬ್ಬ ಮಾಸ್ತರರು ಕಾಕಾ ಅವರ ಅಂಗಡಿಗೆ ನನ್ನ ಬಳಿ ಕಲಿಯಲು ಬಂದರು. ದುಂಡನೆಯ ಆಸಾಮಿ. ಬಂದವರೇ “ಸಣ್ಣ ಹಲಗಿ ಇದ್ರ ಕೊಡ್ರಿ, ದೊಡ್ಡದರ ಮ್ಯಾಲ ಮಂದಿ ನಗತಾರ,” ಅಂದರು. ತಲೆ ಮೇಲೆ ಬಕೀಟು ಸುರಿದೆ, ಕಾಟಾದ ಮೇಲೆ ಹತ್ತಿಸಿದೆ, ಮೊಣಕೈ ನೋಡಿದೆ. ನೆಲದ ಮೇಲೆ ಆಕಾರ ಬರೆದು, ಕಣ್ಣುಮುಚ್ಚಿಸಿ ನೂಕಿದೆ. ಮಾಸ್ತರರ ಕಾಲು ಮೂರು ಸಲ ಗೆರೆ ದಾಟಿತು. ಬಾಗಿಲಿನಗಲದ ನಾಲ್ಕನೆಯ ಆಕಾರಕ್ಕೆ ಬಂದು ನಿಂತೆ.

ಕಾಕು ಮನೆಯಿಂದ ಕಾಕಾ ಅವರ ಫೋನು ತಂದು ಕೊಟ್ಟರು. ಮಾಲವಣದ ನಂಬರು ಅದರಲ್ಲೇ ಇತ್ತು. ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದ.

“ಹಾಂ ಕಾಕಾ! ಬೋಲಾ, ಬೋಲಾ!”

ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ನನ್ನ ಗಂಟಲಲ್ಲಿ ಎರಡು ಕೆಮ್ಮು ಬಂದು ಸಿದ್ಧವಾಗಿ ನಿಂತಿದ್ದವು, ಹೆಬ್ಬೆರಳು ಅರ್ಧ ಎದ್ದಿತ್ತು. ಅದನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡೆ. ನನ್ನದೇ ತೆಳ್ಳಗಿನ ದನಿಯಲ್ಲಿ, ಕಾಕಾ ಹೋದರು ಅಂದೆ. ಆವತ್ತು ಸಣ್ಣದು ಕಳಿಸು ಅಂದವನು ನಾನು, ಅವರಲ್ಲ ಅಂದೆ. ಈಗ ಅಗಲದ್ದು ಬೇಕು ಅಂದೆ. “ಅರೆರೆ, ಕಾಕಾ,” ಅಂದ ಆತ.

ಆಮೇಲೆ ಕೇಳಿದ, ಅಗಲದ್ದು ಇನ್ನೂ ಇಲ್ಲೇ ಇದೆ, ಯಾರಿಗೆ ಬೇಕು?

“ಕಲಿಯಲು ಬರುವವರಿಗೆ. ಮೊದಲು ನನಗೆ.”

“ನಿನ್ನ ತೂಕ ಎಷ್ಟು?”

“ಎಂಬತ್ತೊಂದು,” ಅಂದೆ. ಮೊಣಕೈ ಎಲ್ಲಿಯೂ ಊರಿರಲಿಲ್ಲ. “ಅದಕ್ಕೆ ನಲವತ್ತು ಕೂಡಿಸಿ.”