ನೆಲದ ಮೇಲೆ ಬಿದ್ದ ಚುಕ್ಕೆ

ನನ್ನ ಕೆಲಸ ಏನೆಂದು ಹೇಳಿದರೆ ಜನ ನಗುತ್ತಾರೆ. ಸಮುದ್ರದ ಪ್ರಾಣಿ ನೆಲದ ಮೇಲೆ ಸಿಕ್ಕರೆ ಅದನ್ನು ಮತ್ತೆ ನೀರಿಗೆ ಬಿಡುವುದು ನನ್ನ ಕೆಲಸ. ಅದೂ ಅಹಮದಾಬಾದಿನಲ್ಲಿ, ಮಗಳ ಫ್ಲ್ಯಾಟಿನ ಊಟದ ಮೇಜಿನ ಮುಂದೆ ಕೂತು, ಲ್ಯಾಪ್‌ಟಾಪಿನಲ್ಲಿ.

ಯಾವ ಸಮುದ್ರದಲ್ಲಿ ಯಾವ ಜೀವಿ ಎಲ್ಲಿದೆ ಎಂದು ಬರೆದಿಡುವ ದೊಡ್ಡ ಕೆಲಸವೊಂದನ್ನು ಹಲವು ದೇಶಗಳು ಸೇರಿ ನಡೆಸುತ್ತಿವೆ. ಸಮೀಕ್ಷೆಯ ಹಡಗಿನವರು, ಮ್ಯೂಸಿಯಮ್ಮಿನವರು, ಕಾಲೇಜಿನವರು ತಮ್ಮಲ್ಲಿರುವ ಮಾಹಿತಿಯನ್ನೆಲ್ಲ ಕಳಿಸುತ್ತಾರೆ. ಸಿಕ್ಕ ಒಂದೊಂದು ಜೀವಿಗೂ ನಕ್ಷೆಯ ಮೇಲೆ ಒಂದು ಚುಕ್ಕೆ. ಕಳಿಸುವವರೂ ಮನುಷ್ಯರೇ ತಾನೆ. ಒಬ್ಬರು ಅಕ್ಷಾಂಶ ರೇಖಾಂಶ ಅದಲು ಬದಲು ಮಾಡಿರುತ್ತಾರೆ, ಇನ್ನೊಬ್ಬರು ಒಂದು ಸೊನ್ನೆ ನುಂಗಿರುತ್ತಾರೆ. ಆಗ ತಿಮಿಂಗಿಲ ಜೈಸಲ್ಮೇರಿನ ಮರಳಲ್ಲಿ ಈಜುತ್ತದೆ. ಅಂಥ ಚುಕ್ಕೆ ಕೆಂಪಾಗಿ ನನ್ನ ಹತ್ತಿರ ಬರುತ್ತದೆ. ತಪ್ಪು ತಿಳಿದರೆ ತಿದ್ದಬೇಕು, ದಂಡೆಯ ಸಮೀಪವಿದ್ದರೆ ಪಕ್ಕದ ನೀರಿಗೆ ಸರಿಸಬೇಕು, ತಲೆಬುಡ ತಿಳಿಯದಿದ್ದರೆ ತೆಗೆದುಹಾಕಬೇಕು. ಮೂರು ಗುಂಡಿ, ಅಷ್ಟೇ.

ನಮ್ಮವರು ಹೋದ ಮೇಲೆ ನನ್ನನ್ನು ಸಾಕಿದ್ದು ಈ ಗುಂಡಿಗಳು. ಅವರು ಸೂರತ್‌ನಲ್ಲಿ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ವೈಕುಂಠ ಸಮಾರಾಧನೆಯ ದಿನವೂ ಬರಲಿಲ್ಲ. ಧಾರವಾಡದಿಂದ ಬಂದ ನೆಂಟರು ನನ್ನ ಮುಖವನ್ನೇ ನೋಡಿ ನೋಡಿ ಸಾಕಾಗಿ ಊಟಕ್ಕೆ ಕೂತರು. ದುಃಖ ಅದುಮಿಟ್ಟುಕೊಂಡಿದ್ದಾಳೆ ಎಂದು ಅವರು ತಿಳಿದಿರಬೇಕು. ಅದುಮಿಡಲು ಒಳಗೆ ಏನಾದರೂ ಇರಬೇಕಲ್ಲ. ಬಹಳ ಹೊತ್ತು ಮಡಚಿಕೊಂಡು ಕೂತ ಕಾಲಿನ ಹಾಗೆ ಎದೆ ಮರಗಟ್ಟಿತ್ತು. ಮಗಳು ನನ್ನನ್ನು ಅಹಮದಾಬಾದಿಗೆ ಕರೆತಂದಳು. ಅವಳು ನರೋಡಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಾನು ಹುಡುಗಿಯಾಗಿದ್ದಾಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಅದನ್ನು ಟ್ರಂಕಿನಲ್ಲಿಟ್ಟಿದ್ದೆ. ಮನೆಯಲ್ಲಿ ಕೂತು ಮಾಡಬಹುದಾದ ಈ ಕೆಲಸವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಕೊಟ್ಟವಳು ಮಗಳೇ. ದಿನವಿಡೀ ಹೌದು, ಅಲ್ಲ, ಹೌದು, ಅಲ್ಲ. ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಒಂದು ಬೆಳಿಗ್ಗೆ ಕೆಂಪು ಚುಕ್ಕೆಯೊಂದು ಸೂರತ್‌ನ ಹತ್ತಿರ, ಹಜೀರಾದಲ್ಲಿ ಬಿದ್ದಿತ್ತು. ಕೆಸರಲ್ಲಿ ವಾಸಿಸುವ ಒಂದು ಹುಳ. ಕಳಿಸಿದ್ದು ವಡೋದರಾದ ಒಂದು ಕಾಲೇಜು. ಪಕ್ಕದ ನೀರಿಗೆ ಸರಿಸಲು ಹೊರಟವಳು ಸಂಗ್ರಹಿಸಿದವರ ಹೆಸರು ನೋಡಿದೆ. ನಮ್ಮವರದು. ಎದ್ದು ಹೋಗಿ ಕುಕ್ಕರಿನ ಕೆಳಗಿನ ಒಲೆ ಆರಿಸಿ ಬಂದು ಮತ್ತೊಮ್ಮೆ ಓದಿದೆ. ಅವರೇ.

ನಮ್ಮವರು ಸೂರತ್ ಪಕ್ಕದ ಉಧ್ನಾದಲ್ಲಿ ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದರು. ವಿಜ್ಞಾನ ಓದಿದವಳು ನಾನು, ಹುಚ್ಚು ಹಿಡಿದದ್ದು ಅವರಿಗೆ. ನನ್ನ ಹಳೆಯ ಪಠ್ಯಪುಸ್ತಕವನ್ನು ಒಂದು ಮಳೆಗಾಲ ಓದಿದ್ದೇ ನೆವ, ಆಮೇಲೆ ಭಾನುವಾರ ಬಂದರೆ ಹಜೀರಾದ ಬಸ್ಸು. ಸಮುದ್ರದ ಭರತ ಇಳಿತದ ವೇಳೆಯನ್ನು ರೈಲಿನ ವೇಳಾಪಟ್ಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಸಿಕೊಂಡಿದ್ದರು. ‘ಇದೊಂದ ನೋಡು, ಯಾವತ್ತೂ ಲೇಟ್ ಆಗಂಗಿಲ್ಲ,’ ಎನ್ನುತ್ತಿದ್ದರು. ಪ್ಯಾಂಟು ಮಡಚಿ ತೊಡೆಯವರೆಗೆ ಕೆಸರಲ್ಲಿ ಇಳಿಯುತ್ತಿದ್ದರು. ನಾನು ದಂಡೆಯ ಮೇಲೆ ಥರ್ಮಾಸು ಇಟ್ಟುಕೊಂಡು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ವಾರಪತ್ರಿಕೆ ಓದುತ್ತಿದ್ದೆ. ಈ ಹುಳ ಸಿಕ್ಕ ದಿನ ನನಗೆ ನೆನಪಿದೆ. ಅದು ಕೆಸರೊಳಗೆ ಕೊಳವೆಯೊಂದನ್ನು ಕಟ್ಟಿಕೊಂಡು, ಹೊರಗೆ ಕಾಣುವ ತುದಿಗೆ ಚಿಪ್ಪಿನ ಚೂರುಗಳನ್ನು ಅಂಟಿಸಿಕೊಳ್ಳುತ್ತದೆ. ಗುಜರಾತಿನ ಮನೆಬಾಗಿಲಿಗೆ ತೋರಣ ಕಟ್ಟುತ್ತಾರಲ್ಲ, ಹಾಗೆ. ‘ಒಮ್ಮೆ ಇಳದ ಬಂದು ನೋಡ,’ ಎಂದು ಕೂಗಿದರು. ‘ಸೀರಿ ಹಾಳಾಗ್ತದ, ನೀವ ನೋಡ್ರಿ,’ ಎಂದೆ. ಕ್ವಾರ್ಟರ್ಸಿನಲ್ಲಿ ಜಾಗವಿಲ್ಲದೆ, ಹುಳಗಳನ್ನು ಹಾಕಿಟ್ಟ ಬಾಟಲಿಗಳು ದೇವರ ಗೂಡಿನ ಪಕ್ಕಕ್ಕೇ ಬಂದು ನಿಂತಾಗ ನಾನು ಜಗಳ ತೆಗೆದೆ. ಅವರು ನಗುತ್ತ ಎಲ್ಲವನ್ನೂ ಪ್ಯಾಸೆಂಜರ್ ರೈಲಿನಲ್ಲಿ ವಡೋದರಾಕ್ಕೆ ಒಯ್ದು ಆ ಕಾಲೇಜಿಗೆ ಕೊಟ್ಟು ಬಂದರು.

ಈಗ ಆ ಚುಕ್ಕೆಯನ್ನು ನೀರಿಗೆ ಸರಿಸುವುದು ಕ್ಷಣದ ಕೆಲಸ. ಆದರೆ ಬಂದರಿಗಾಗಿ ಆ ದಂಡೆಗೆ ಮಣ್ಣು ತುಂಬಿ ನೆಲ ಮಾಡಿದ್ದಾರೆ, ಈಗಿರುವ ಹತ್ತಿರದ ನೀರೆಂದರೆ ಹಡಗು ಬರಲು ಆಳವಾಗಿ ತೋಡಿದ ಕಾಲುವೆ. ಅಲ್ಲಿ ಆ ಹುಳ ಬದುಕುವುದೂ ಇಲ್ಲ, ನಮ್ಮವರು ಅಲ್ಲಿಗೆ ಹೋದದ್ದೂ ಇಲ್ಲ. ವಿದೇಶದಲ್ಲಿ ನನ್ನ ಕೆಲಸ ನೋಡಿಕೊಳ್ಳುವ ವಿಜ್ಞಾನಿಗೆ ಬರೆದೆ: ಚುಕ್ಕೆ ಸರಿಯಾಗಿದೆ, ದಂಡೆಯೇ ಸರಿದುಹೋಗಿದೆ. ಅವರು ಸಜ್ಜನರು, ಆದರೆ ನಿಯಮದ ಮನುಷ್ಯ. ಹಳೆಯ ಉಪಗ್ರಹ ಚಿತ್ರ ತೆಗೆಸಿ ನೋಡಿದ್ದರು. ಅದು ಇಳಿತದ ಹೊತ್ತಿನದು. ಕೆಸರು ಯಾವುದು, ನೆಲ ಯಾವುದು ತಿಳಿಯುವುದಿಲ್ಲ. ಹುಳದ ಗುರುತು ಸರಿಯಿದೆಯೇ, ಆ ಜಾಗಕ್ಕೆ ಸಮುದ್ರ ಬರುತ್ತಿತ್ತೇ, ಎರಡಕ್ಕೂ ಆಧಾರ ಬೇಕು, ಇಲ್ಲದಿದ್ದರೆ ತೆಗೆದುಹಾಕಬೇಕು ಎಂದರು. ಆ ಇಡೀ ಕರಾವಳಿಯಲ್ಲಿ ಆ ಹುಳಕ್ಕಿದ್ದದ್ದು ಅದೊಂದೇ ಚುಕ್ಕೆ. ಪ್ರಪಂಚದ ಲೆಕ್ಕದಲ್ಲಿ ನಮ್ಮವರಿಗೂ ಅದೊಂದೇ. ಅದು ಹೋಗಬಾರದು ಅನ್ನಿಸಿತು. ಏನಾದರೊಂದು ಅನ್ನಿಸಿ ಬಹಳ ಕಾಲವಾಗಿತ್ತು.

ಆಧಾರ ಹುಡುಕಲು ಹೊರಟೆ, ಮಗಳು ರಜೆ ಹಾಕಿ ಜೊತೆಗೆ ಬಂದಳು. ವಡೋದರಾದಲ್ಲಿ ಇಳಿದು ಮೊದಲು ಕಾಲೇಜಿಗೆ ಹೋದೆವು. ಅಧ್ಯಾಪಕಿ ಬಾಟಲಿ ತಂದಿಟ್ಟರು. ಹುಳ ಬಿಳಚಿಕೊಂಡಿತ್ತು, ಕೊಳವೆ ಕರಗಿ ಚಿಪ್ಪಿನ ಚೂರುಗಳು ತಳದಲ್ಲಿ ಕೂತಿದ್ದವು. ಭೂತಗನ್ನಡಿ ಹಿಡಿದು ಪುಸ್ತಕದೊಂದಿಗೆ ಹೋಲಿಸಿದೆ. ಗುರುತು ಸರಿಯಿತ್ತು, ಸಿಗ್ನಲ್ಲಿನ ಮನುಷ್ಯ ನನಗಿಂತ ಚೆನ್ನಾಗಿ ಕಲಿತಿದ್ದರು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಫೋಟೋ ತೆಗೆದುಕೊಂಡು ಸೂರತ್‌ನ ರೈಲು ಹತ್ತಿದೆವು.

ಹಜೀರಾದಲ್ಲಿ ಟ್ಯಾಕ್ಸಿಯಿಂದ ಇಳಿದು ಮೊಬೈಲಿನ ನಕ್ಷೆ ಹಿಡಿದು ನಡೆದೆವು. ಚುಕ್ಕೆ ಸಿಕ್ಕಿದ್ದು ಎತ್ತರದ ಗೋಡೆಯೊಂದರ ಹೊರಗೆ, ಲಾರಿ ನಿಲ್ಲಿಸುವ ಕಾಂಕ್ರೀಟಿನ ಮೇಲೆ. ಗೇಟಿನ ಕಾವಲುಗಾರ ಬಂದು ಏನು ಬೇಕೆಂದು ಕೇಳಿದ. ಮಗಳು ಹಿಂದಿಯಲ್ಲಿ, ಇಲ್ಲಿ ಸಮುದ್ರ ಇತ್ತಲ್ಲ ಎಂದಳು.

‘ಸಮುಂದರ್ ತೋ ಉಧರ್ ಹೈ, ಜೆಟ್ಟಿ ಕೆ ಪಾಸ್. ಯಹಾಂ ತೋ ಶುರೂ ಸೇ ಪಾರ್ಕಿಂಗ್ ಹೈ,’ ಎಂದು ಅವನು ತಿರುಗಿ ಹೋದ. ಸಮುದ್ರ ಆ ಕಡೆ, ಇಲ್ಲಿ ಶುರುವಿನಿಂದಲೂ ಪಾರ್ಕಿಂಗೇ ಅಂತೆ. ಅವನಿಗೆ ಗೊತ್ತಿದ್ದ ಶುರು ಅದು, ಅವನ ತಪ್ಪಲ್ಲ.

‘ಅಮ್ಮಾ, ಇದು ತೋ ಫುಲ್ ಕಾಂಕ್ರೀಟ್ ಇದೆ,’ ಎಂದಳು ಮಗಳು. ‘ಪ್ರೂಫ್ ಏನು ಸಿಗುತ್ತೆ ಇಲ್ಲಿ?’

ನಾನು ಲಾರಿಗಳ ನಡುವೆ ಹೋಗಿ ನಿಂತೆ. ಆಗ ನೆನಪಾಯಿತು. ಅಲ್ಲಿಯ ಭರತ ಎದುರಿನಿಂದ ತೆರೆ ತೆರೆಯಾಗಿ ಬರುತ್ತಿರಲಿಲ್ಲ. ಸದ್ದಿಲ್ಲದೆ ಹಳ್ಳಗಳಲ್ಲಿ ತುಂಬಿಕೊಂಡು ಬೆನ್ನ ಹಿಂದಿನಿಂದ ಬರುತ್ತಿತ್ತು. ಹುಳ ಸಿಕ್ಕ ಆ ದಿನ ಪತ್ರಿಕೆಯಿಂದ ತಲೆಯೆತ್ತಿದಾಗ ನಮ್ಮವರಿಗೂ ನನಗೂ ನಡುವೆ ನೀರು. ಮಗಳನ್ನು ಎದೆಗೆ ಅವಚಿಕೊಂಡು ದಂಡೆಯುದ್ದಕ್ಕೂ ಓಡುತ್ತ ಗಂಟಲು ಹರಿಯುವಂತೆ ಕೂಗಿದ್ದೆ. ಅವರು ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಎದೆಮಟ್ಟದ ನೀರಲ್ಲಿ, ನಗುತ್ತ ಬರುತ್ತಿದ್ದರು. ಮನೆ ಮುಟ್ಟುವವರೆಗೆ ನಾನು ಅವರ ಜೊತೆ ಮಾತಾಡಿರಲಿಲ್ಲ.

ಆ ಒಣ ಕಾಂಕ್ರೀಟಿನ ಮೇಲೆ ನಿಂತವಳಿಗೆ ಹೆದರಿಕೆಯಾಯಿತು, ಆವತ್ತಿನಷ್ಟೇ. ಹಿಂದೆಯೇ ಸಿಟ್ಟೂ ಬಂತು. ಇಷ್ಟು ತಿಂಗಳು ಸತ್ತುಬಿದ್ದಿದ್ದ ಮೈಯಲ್ಲಿ ಮೊದಲು ಎದ್ದದ್ದು ಇವೇ ಎರಡು.

‘ಪ್ರೂಫ್ ನಾನ ಇದ್ದೀನಿ,’ ಎಂದೆ ಮಗಳಿಗೆ. ‘ಇಲ್ಲೆ ಸಮುದ್ರ ಬಂದದ್ದು ನಾ ನೋಡೀನಿ.’

ಅಹಮದಾಬಾದಿಗೆ ಬಂದು ಹುಳದ ಫೋಟೋದ ಜೊತೆ ವಿಜ್ಞಾನಿಗೆ ಬರೆದು ಕಳಿಸಿದೆ. ಹುಳ ಸಿಕ್ಕ ದಿನ ನಾನು ದಂಡೆಯ ಮೇಲಿದ್ದೆ, ಈ ಜಾಗದ ಮೇಲೆ ಎದೆಯೆತ್ತರಕ್ಕೆ ಭರತದ ನೀರು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು. ಹೆಂಡತಿ ಎಂದು ಬರೆಯಲಿಲ್ಲ. ಹೆಂಡತಿಯ ಸಾಕ್ಷಿಯನ್ನು ಎಲ್ಲಿ ನಂಬುವುದಿಲ್ಲವೋ ಎಂಬ ಅಳುಕು. ಕೆಲಸದ ಕಾಗದದಲ್ಲಿ ನನ್ನದು ತವರಿನ ಅಡ್ಡಹೆಸರೇ ಇದ್ದದ್ದರಿಂದ ಆ ವಿಜ್ಞಾನಿಗೂ ತಿಳಿಯುವಂತಿರಲಿಲ್ಲ.

ಕೆಲವು ದಿನಗಳ ಮೇಲೆ ಉತ್ತರ ಬಂತು. ಚುಕ್ಕೆ ಉಳಿಯುತ್ತದೆ, ಇದ್ದಲ್ಲೇ. ಆಗ ಸಮುದ್ರ, ಈಗ ನೆಲ ಎಂಬ ಟಿಪ್ಪಣಿಯೊಂದಿಗೆ. ತಮಗೆ ತುಂಬ ಸಂತೋಷವಾಗಿದೆ ಎಂದಿದ್ದರು. ಕೊನೆಯಲ್ಲಿ ಒಂದು ಕೋರಿಕೆ ಇತ್ತು. ಸಂಗ್ರಹಿಸಿದವರ ಪರಿಚಯ ನಿಮಗಿರುವಂತಿದೆ. ಅಲ್ಲಿ ಈ ಹುಳ ಒಂದೇ ಇತ್ತೇ, ಸುತ್ತ ಇನ್ನೂ ಇದ್ದವೇ, ದಯವಿಟ್ಟು ಅವರನ್ನು ಕೇಳಿ ತಿಳಿಸುವಿರಾ?

ಒಳ್ಳೆಯ ಪ್ರಶ್ನೆ ಅನ್ನಿಸಿತು. ಅದು ನಮ್ಮವರಿಗಷ್ಟೇ ಗೊತ್ತಿರುವ ಸಂಗತಿ. ‘ಕೇಳಿ ಹೇಳುತ್ತೇನೆ’ ಎಂದು ಟೈಪ್ ಮಾಡಿ ಕಳಿಸಿದೆ. ಮುಂದಿನ ಚುಕ್ಕೆ ತೆರೆದೆ. ಬಂಗಾಳದ ಕಡೆಯ ಏಡಿ. ಅದರ ಅಕ್ಷಾಂಶ ಓದಲು ನೋಡಿದೆ, ಅಂಕಿಗಳು ಕಾಣಲಿಲ್ಲ. ಕೆನ್ನೆ ಒದ್ದೆಯಾದದ್ದು ತಿಳಿಯುವ ಮೊದಲೇ ದನಿ ಹೊರಟಿತ್ತು. ನಾನು ಅಳುತ್ತಿದ್ದೆ, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ.

ಮಗಳು ಕೋಣೆಯಿಂದ ಓಡಿ ಬಂದಳು. ‘ಏನಾಯ್ತು ಅಮ್ಮಾ? ರಿಜೆಕ್ಟ್ ಮಾಡಿದ್ರಾ?’

‘ಇಲ್ಲ,’ ಎಂದೆ. ‘ನಿಮ್ಮಪ್ಪನ್ನ ಒಂದ್ ಮಾತು ಕೇಳಿ ಹೇಳ್ರಿ ಅಂದಾರ.’