ಬಟ್ಟಲು ಅಲುಗಿಸುವ ಭಾಷೆ

ಮಸ್ಕತ್ತಿಗೆ ಬರುವ ಮುಂಚೆ ನಾನು ಅರಬ್ಬಿ ಕಲಿತೆ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಕಲಿತದ್ದಕ್ಕಲ್ಲ, ಅದಕ್ಕಾಗಿ ಇನ್ನೂರು ಪುಟದ ನೋಟುಬುಕ್ಕಿಗೆ ರಟ್ಟು ಹಾಕಿ, ಕ್ರಿಯಾಪದಕ್ಕೆ ಕೆಂಪು ಶಾಯಿ, ನಾಮಪದಕ್ಕೆ ನೀಲಿ ಎಂದು ವಿಂಗಡಿಸಿದ್ದಕ್ಕೆ. ಮದುವೆಯಾಗಿ ವೀಸಾ ಬರುವ ತನಕ ಚಿಕ್ಕೋಡಿಯಲ್ಲಿ ಕೂತು ನಾನು ಮಾಡಿದ್ದು ಅದೊಂದೇ ಕೆಲಸ. "ಇಲ್ಲೆ ಅರಬ್ಬಿ ಯಾರಿಗೂ ಬೇಕಾಗೂದಿಲ್ಲ. ಆರು ವರ್ಷದಾಗ ನಾ ಕಲ್ತದ್ದು ನಾಕ ಶಬ್ದ," ಎಂದು ನಮ್ಮವರು ಫೋನಿನಲ್ಲಿ ಹೇಳಿದರು. ನಾನು ನಂಬಲಿಲ್ಲ.

ನಂಬದಿರಲು ಕಾರಣವಿತ್ತು. ನಾವು ಗಡಿಯ ಜನ. ಎದುರಿನವರ ಭಾಷೆಗೆ ನಾವೇ ಮೊದಲು ಹಾರುವುದು ನಮ್ಮಲ್ಲಿ ಮರ್ಯಾದೆ. ಒಮ್ಮೆ ನಿಪ್ಪಾಣಿಯ ಅಂಗಡಿಯೊಂದರಲ್ಲಿ ನಮ್ಮ ಚಿಕ್ಕಪ್ಪನ ಹೆಂಡತಿ, ಕಾಕು, ಒಂದು ಸೀರೆಗಾಗಿ ಅರ್ಧ ತಾಸು ಮರಾಠಿಯಲ್ಲಿ ಚೌಕಾಸಿ ಮಾಡಿದರು. ಅಂಗಡಿಯವನೂ ಮರಾಠಿಯಲ್ಲೇ ಪಟ್ಟು ಹಿಡಿದ. ಕೊನೆಗೆ ಕಾಕು ನನ್ನ ಕಡೆ ತಿರುಗಿ, "ಇಂವ ಬಾಳ ಜಿಪುಣ ಅದಾನ, ನಡಿ," ಎಂದರು.

"ಜಿಪುಣ ಅಲ್ರಿ ಅಕ್ಕಾರ, ಸೀರಿನ ತುಟ್ಟಿ ಐತ್ರಿ," ಎಂದ ಅಂಗಡಿಯವನು, ಅಚ್ಚ ನಮ್ಮ ಕನ್ನಡದಲ್ಲಿ.

ಇಂಥ ಮನೆತನದವಳು ನೋಟುಬುಕ್ಕು ಹಿಡಿದು ಮಸ್ಕತ್ತಿನಲ್ಲಿ ಇಳಿದರೆ, ನನ್ನ ಅರಬ್ಬಿಯನ್ನು ಕೇಳುವವರೇ ಇಲ್ಲ. ತರಕಾರಿ ಅಂಗಡಿಯವರು ಮಲಯಾಳಿಗಳು. ದರ್ಜಿಗೆ ಹಿಂದಿ ಸಾಕು. ಟ್ಯಾಕ್ಸಿಯ ಒಮಾನಿ ಮುದುಕರಿಗೆ ನಾನು ವಿಭಕ್ತಿ ಸಮೇತ ವಿಳಾಸ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, "ಬೇಟಿ, ಹಿಂದಿ ಮೇ ಬೋಲೋ," ಎಂದರು.

ಪ್ರತಿ ರವಿವಾರ ಜುಗೂಳದಿಂದ ಆಯಿಯ, ಅಂದರೆ ನನ್ನ ಅಜ್ಜಿಯ, ಫೋನು. "ಮಾತಾಡಾಕ ಯಾರರೆ ಅದಾರಿಲ್ಲೋ ತಂಗಿ?"

"ಅದಾರ ಆಯಿ, ಬಾಳ ಮಂದಿ ಅದಾರ."

ಸುಳ್ಳು. ನಮ್ಮವರು ಕೆಲಸಕ್ಕೆ ಹೋದ ಮೇಲೆ ಸಂಜೆ ತನಕ ಮನೆಯಲ್ಲಿ ದನಿ ಎತ್ತುತ್ತಿದ್ದದ್ದು ಕುಕ್ಕರ್ ಒಂದೇ. ಊರಲ್ಲಿ ನನ್ನ ಮೌನಕ್ಕೆ ಗಾಂಭೀರ್ಯ ಎನ್ನುತ್ತಿದ್ದರು. ಇಲ್ಲಿ ಹಾಗೆನ್ನಲೂ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಕೆಳಗಿನ ಮನೆಯ ಉಮ್ ಸಾಲಿಂ, ನಮ್ಮ ಮನೆ ಮಾಲೀಕರ ತಾಯಿ, ಮೆಟ್ಟಿಲ ಬಳಿ ನನ್ನನ್ನು ಕಂಡು ಕೈ ಬೀಸಿ ಕರೆದರು. ಅವರಿಗೆ ಅರಬ್ಬಿ ಬಿಟ್ಟರೆ ಬೇರೇನೂ ಬಾರದು. ನನ್ನ ಕೆಂಪು ಶಾಯಿ, ನೀಲಿ ಶಾಯಿ ಎರಡೂ ಪುಳಕಗೊಂಡವು.

ಖರ್ಜೂರ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಕಾಫಿ ಬಂತು. ಕುಡಿದೆ, ತುಂಬಿಸಿದರು. ಕೊಟ್ಟದ್ದನ್ನು ಉಳಿಸಬಾರದೆಂದು ಬೆಳೆದವಳು ನಾನು, ಮತ್ತೆ ಬರಿದು ಮಾಡಿದೆ, ಮತ್ತೆ ತುಂಬಿಸಿದರು. "ಸಾಕು" ಎಂದು ತಪ್ಪಿಲ್ಲದ ಅರಬ್ಬಿಯಲ್ಲಿ ಹೇಳಿದೆ. ಅವರಿಗೆ ನನ್ನ ಅರಬ್ಬಿ ಎಷ್ಟು ಹಿಡಿಸಿತೆಂದರೆ ಆ ಖುಷಿಗೆ ಇನ್ನೊಂದು ಬಟ್ಟಲು ಹಾಕಿದರು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆಯೂ "ಸಾಕ್ರಿ" ಎಂದವರ ತಾಟಿಗೇ ಇನ್ನೊಂದು ಹೋಳಿಗೆ ಬೀಳುವುದು. ಏಳನೆಯ ಬಟ್ಟಲಿಗೆ ನನ್ನ ಎದೆ ಡೋಲಿನಂತೆ ಬಡಿಯತೊಡಗಿದಾಗ ಅವರ ಸೊಸೆ ಒಳಗಿಂದ ಬಂದಳು. ನನ್ನ ಮುಖ ನೋಡಿ ನಕ್ಕು, ನನ್ನ ಮಣಿಕಟ್ಟು ಹಿಡಿದು ಬಟ್ಟಲನ್ನು ಅತ್ತಿತ್ತ ಎರಡು ಸಲ ಅಲುಗಿಸಿದಳು. ಉಮ್ ಸಾಲಿಂ ತಕ್ಷಣ ಹೂಜಿ ಕೆಳಗಿಟ್ಟರು.

ಇನ್ನೂರು ಪುಟಗಳಲ್ಲಿ ಇದೊಂದು ಇರಲಿಲ್ಲ.

ನಮ್ಮವರ ಮಾತು ನಿಜ: ಬದನೆಕಾಯಿ ಕೊಳ್ಳಲು, ರವಿಕೆ ಹೊಲಿಸಲು, ಟ್ಯಾಕ್ಸಿ ಹಿಡಿಯಲು ಇಲ್ಲಿ ಅರಬ್ಬಿ ಬೇಡ. ಆದರೆ ಹೋದ ರವಿವಾರ ಆಯಿಗೆ ಮೊದಲ ಸಲ ಒಂದು ಹೆಸರು ಹೇಳಿದೆ.

"ಆ ಮುದುಕಿ ಏನ ಮಾತಾಡ್ತಾಳ?"

"ಸೊಸಿ ಮ್ಯಾಲ ಚಾಡಿ ಹೇಳ್ತಾಳ ಆಯಿ. ಅರ್ಧ ತಿಳಿತೈತಿ."

"ಹಂಗಾರ ಚೊಲೋ ಮನಿ ಸಿಕ್ಕೈತಿ, ಬಿಡ," ಎಂದಳು ಆಯಿ, ನಿರಾಳವಾಗಿ.

ನಿನ್ನೆ ಮೂರನೆಯ ಬಟ್ಟಲು ಮುಗಿಯುವ ಹೊತ್ತಿಗೆ ಸೊಸೆಯ ಪುರಾಣ ಇನ್ನೂ ಅರ್ಧಕ್ಕಿತ್ತು. ಉಮ್ ಸಾಲಿಂ ಹೂಜಿ ಎತ್ತಿ ನನ್ನ ಕೈಯನ್ನೇ ನೋಡಿದರು. ಅಲುಗಿಸುವುದು ಈಗ ನನಗೆ ಚೆನ್ನಾಗಿ ಬರುತ್ತದೆ.

ಬಟ್ಟಲನ್ನು ನೆಟ್ಟಗೆ ಹಿಡಿದೆ.