ಗುಂಡಣ್ಣನ ಹನ್ನೊಂದು ತಿರುಪುಗಳು

ಪರಮಾಣುವಿನ ನಡುವಿರುವ ನ್ಯೂಕ್ಲಿಯಸ್ಸುಗಳೆಲ್ಲ ಚೆಂಡಿನಂತೆ ಗುಂಡಗಿರುತ್ತವೆ ಎಂದು ಇಪ್ಪತ್ತಾರು ವರ್ಷ ಪಾಠ ಹೇಳಿದ ಆ ಪ್ರಾಧ್ಯಾಪಕನಿಗೆ ವಿದ್ಯಾರ್ಥಿಗಳು ಗುಂಡಣ್ಣ ಎಂದು ಹೆಸರಿಟ್ಟಿದ್ದರು. ಹಿಡಿದ ಕೆಲಸವೇನೋ ದೊಡ್ಡದೇ. ಎರಡು ಭಾರದ ನ್ಯೂಕ್ಲಿಯಸ್ಸುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಡಿಕ್ಕಿ ಹೊಡೆದಾಗ, ಮೊದಲ ಗಳಿಗೆಯಲ್ಲಿ ಅವು ಒಂದರೊಳಗೊಂದು ಹೊಕ್ಕ ಜಾಗದ ಆಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿಡಿದ ಕಣಗಳು ಯಾವ ದಿಕ್ಕಿಗೆ ಎಷ್ಟು ಹಾರಿದವು ಎಂಬ ಅಳತೆಯನ್ನು ಹಿಡಿದು ಕಂಪ್ಯೂಟರಿನಲ್ಲಿ ಅದನ್ನು ಊಹಿಸಬೇಕು.

ಗುಂಡಣ್ಣ ಊಹಿಸುತ್ತಿರಲಿಲ್ಲ, ಹೊಂದಿಸುತ್ತಿದ್ದ. ಅವನ ಮಾದರಿಯಲ್ಲಿ ಹನ್ನೊಂದು ತಿರುಪುಗಳಿದ್ದವು. ತಿರುಪು ಎಂದರೆ ಮನಬಂದಂತೆ ಬದಲಿಸಬಹುದಾದ ಸಂಖ್ಯೆ. ಅಳತೆ ಬಂದೊಡನೆ ಬಾಗಿಲು ಹಾಕಿಕೊಂಡು, ತನ್ನ ಲೆಕ್ಕದ ಗೆರೆ ಅಳತೆಯ ಚುಕ್ಕಿಗಳ ಮೇಲೆ ಕೂರುವವರೆಗೂ ತಿರುಗಿಸಿ, ಹೊರಬಂದು ನಾನು ಮೊದಲೇ ಹೇಳಿದ್ದೆ ಎನ್ನುತ್ತಿದ್ದ. ಏನು ಹೇಳಿದ್ದನೋ ಯಾರಿಗೂ ನೆನಪಿರುತ್ತಿರಲಿಲ್ಲ.

ಒಮ್ಮೆ ಪ್ರಯೋಗಶಾಲೆಯವರು ಸೀಸದ್ದೊಂದು, ಯುರೇನಿಯಂನದೊಂದು ಅಳತೆಯ ಪಟ್ಟಿ ಕಳಿಸಿದರು. ವಾರದೊಳಗೆ ಎರಡಕ್ಕೂ ಗೆರೆ ಕೂತಿತು. ವಿಭಾಗದಲ್ಲಿ ಭಾಷಣವೂ ಆಯಿತು. ಮರುದಿನ ಅವನಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದ ಸಹಾಯಕಿ ಬಂದಳು.

"ಸರ್, ಪಟ್ಟಿಗಳ ಹೆಸರು ಅದಲುಬದಲಾಗಿತ್ತಂತೆ. ಈಗ ಪತ್ರ ಬಂತು."

"ಅದಕ್ಕೇನಮ್ಮ, ಸಂಜೆಯೊಳಗೆ ಹೊಂದಿಸಿಬಿಡೋಣ."

"ತಪ್ಪು ಪಟ್ಟಿಗೂ ಕೂತಿತ್ತಲ್ಲ ಸರ್?"

"ಒಳ್ಳೇ ಮಾದರಿ ಅಂದ್ರೆ ಹಾಗೇ. ಬಗ್ಗಬೇಕು."

ಮನೆಗೆ ಹೋಗಿ ಅಕ್ಕನಿಗೂ ಇದನ್ನೇ ಜಂಬದಿಂದ ಹೇಳಿದ. ಅವಳು ಟೈಲರ್. ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ಇಬ್ಬರ ಅಳತೆ ಅದಲುಬದಲಾದ್ರೂ ಹಿಡಿಸ್ತು ಅಂದ್ರೆ, ನೀನು ಹೊಲಿದಿದ್ದು ಗೋಣಿಚೀಲ ಕಣೋ" ಎಂದಳು. ಗುಂಡಣ್ಣ ಮುಖ ಊದಿಸಿಕೊಂಡು ಎದ್ದುಹೋದ. ಈ ಲೆಕ್ಕದ ಮೇಲೆ ಬರೆದ ಪ್ರಬಂಧವನ್ನು ಮಾತ್ರ ಪತ್ರಿಕೆಗೆ ಕಳಿಸಿಯೇ ಬಿಟ್ಟ.

ಸಹಾಯಕಿ ಅದರಿಂದ ತನ್ನ ಹೆಸರು ತೆಗೆಸಿದಳು. ಸರಿಯಾದ ಪಟ್ಟಿ ಹಿಡಿದು ಸೀಸಕ್ಕೆ ಹೊಂದಿಸಿದ ತಿರುಪುಗಳನ್ನು ಹಾಗೇ ಬಿಗಿದು, ಮುಟ್ಟದೆ, ಯುರೇನಿಯಂನ ಲೆಕ್ಕ ಓಡಿಸಿದಳು. ನೇರ ಡಿಕ್ಕಿಗಳಲ್ಲಿ ಗೆರೆ ಕೂರಲಿಲ್ಲ. ತಿಂಗಳುಗಟ್ಟಲೆ ಆ ತಪ್ಪಿನ ಬೆನ್ನು ಹತ್ತಿದಳು. ಕೊನೆಗೆ ಲೆಕ್ಕದಲ್ಲಿ ಯುರೇನಿಯಂನ ನ್ಯೂಕ್ಲಿಯಸ್ಸನ್ನು ಮೊಟ್ಟೆಯಂತೆ ಉದ್ದ ಮಾಡಿದಾಗ ಗೆರೆ ತಾನಾಗಿ ಕೂತಿತು. ಯುರೇನಿಯಂ ಗುಂಡಗಿಲ್ಲವೆಂದು ಬೇರೆ ಪ್ರಯೋಗದವರು ಎಂದೋ ಬರೆದಿದ್ದರು. ಗುಂಡಣ್ಣ ಅದನ್ನು ಓದುವ ಗೋಜಿಗೇ ಹೋಗಿರಲಿಲ್ಲ.

ಅವಳು ಭಾಷಣ ಮಾಡಿದ ದಿನ ಸಭಾಂಗಣ ತುಂಬಿತ್ತು. ಗುಂಡಣ್ಣ ಕ್ಯಾಂಟೀನಿನಲ್ಲಿ ಕೂತು, ಅವಳು ತಾನೇ ತಿದ್ದಿ ಬೆಳೆಸಿದ ಹುಡುಗಿ ಎಂದು ಕ್ಯಾಂಟೀನಿನವನಿಗೆ ಹೇಳುತ್ತಿದ್ದ.

"ಮತ್ತೆ ಕೇಳೋಕೆ ಹೋಗಲ್ವಾ ಸಾರ್?"

ಚಹಾ ಇನ್ನೂ ಆರಿಲ್ಲ ಎಂದ.